ಟಿಕೆಟ್ ಕೊಂಡು ಹಿಡಿಸಿಕೊಂಡ ಗ್ರಹಣ

ಗ್ರಹಣ ಹಿಡಿಯುವುದು ಸೂರ್ಯನಿಗೋ ಚಂದ್ರನಿಗೋ ಅಂತ ಪಂಚಾಂಗದಲ್ಲಿ ಬರೆದಿರುತ್ತದೆ. ನನ್ನ ಅನುಭವದಲ್ಲಿ ಅದು ಪ್ರತಿ ಸಲವೂ ಹಿಡಿದಿರುವುದು ನನ್ನ ಜೊತೆಯಲ್ಲಿರುವವರಿಗೆ. ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಟಾರ್ಚು, ಕಿತ್ತಳೆ, ನಿಂಬೆಹಣ್ಣು ಇಟ್ಟುಕೊಂಡು ಮೂವತ್ತು ವರ್ಷವೂ ಮಕ್ಕಳಿಗೆ ಪೂರ್ಣ ಸೂರ್ಯಗ್ರಹಣ ಮಾಡಿ ತೋರಿಸಿದ್ದೇನೆ. ನಾನು ಮಾತ್ರ ನಿಜವಾದದ್ದನ್ನು ನೋಡಿರಲಿಲ್ಲ.

ನೋಡುವ ಅವಕಾಶ ಇತ್ತು, ಹೊಟ್ಟೆ ಉರಿಯುವುದು ಅದಕ್ಕೇ. ನಾನು ಪಿಯುಸಿ ಓದುವಾಗ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಆ ವರ್ಷ ಪೂರ್ಣ ಗ್ರಹಣ ನೇರವಾಗಿ ನಮ್ಮ ಮನೆಯ ಹೆಂಚಿನ ಮೇಲೆಯೇ ಹಾದುಹೋಯಿತು. ಅಪ್ಪ ಬಾಗಿಲಿಗೆ ಅಗಳಿ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ನನ್ನನ್ನು ಒಳಕೋಣೆಯಲ್ಲಿ ಕೂರಿಸಿದರು. ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ನೋಡಲು ಬಂದ ಗ್ರಹಣವನ್ನು ನಾನು ಅಂಗಳದಿಂದ ಹತ್ತು ಅಡಿ ಒಳಗೆ ಕೂತು ತಪ್ಪಿಸಿಕೊಂಡೆ. ರಿಟೈರ್ ಆದ ಮೇಲೆ ನನಗೆ ಉಳಿದಿದ್ದ ಆಸೆ ಒಂದೇ. ಸಾಯುವುದರೊಳಗೆ ಒಂದು ಸಲ ಅದನ್ನು ಕಣ್ಣಾರೆ ನೋಡಬೇಕು.

ಬಿಡ್ತಾ?

ಕೆಲಸದಲ್ಲಿದ್ದಾಗ ಒಮ್ಮೆ ಬೆಂಗಳೂರಿನಲ್ಲಿ ಪಾರ್ಶ್ವ ಗ್ರಹಣ ಬಂತು. ಬೆಳಗಿನ ಹೊತ್ತು. ಸೂರ್ಯನನ್ನು ನೋಡುವ ಕಪ್ಪು ಕನ್ನಡಕ ನಲವತ್ತು ತರಿಸಿ, ಮಕ್ಕಳೆಲ್ಲ ಮೈದಾನಕ್ಕೆ ಬರಬೇಕು ಅಂತ ನೋಟಿಸು ಹಾಕಿಸಿದೆ. ಬಂದವರು ಮೂವರು. ಅವರೂ ಉಳಿದವರು ಚಕ್ಕರ್ ಹೊಡೆಯುತ್ತಾರೆ ಅಂತ ಗೊತ್ತಿಲ್ಲದೆ ಬಂದವರು.

ನಮ್ಮ ಹೆಡ್‌ಮಾಸ್ಟರು ಏಳು ಗಂಟೆಗೇ ಬಂದು ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಹತ್ತು ನಿಮಿಷಕ್ಕೊಮ್ಮೆ ಒಳಗಿನಿಂದ ನನಗೆ ಫೋನು. "ಬಿಡ್ತಾ ಮೇಷ್ಟ್ರೇ?" ಇನ್ನೂ ಇಲ್ಲ ಸಾರ್ ಅಂದರೆ ಇಟ್ಟುಬಿಡುತ್ತಿದ್ದರು. ಪೂರ್ತಿ ಬಿಟ್ಟಿತು ಅಂತ ಎರಡು ಸಲ ಕೇಳಿ ಖಚಿತ ಮಾಡಿಕೊಂಡ ಮೇಲೆ ಹೊರಗೆ ಬಂದರು. ನನ್ನ ಕೈಯಿಂದ ಕನ್ನಡಕ ಇಸಿದುಕೊಂಡು, ಎಂದಿನಂತೆ ದುಂಡಗಿದ್ದ ಸೂರ್ಯನ ಕಡೆ ಮುಖ ಎತ್ತಿ ಫೋಟೋ ತೆಗೆಸಿಕೊಂಡರು. ಆ ವರ್ಷದ ಶಾಲಾ ಸಂಚಿಕೆಯ ಮುಖಪುಟದಲ್ಲಿ ಅದೇ ಫೋಟೋ. ಕೆಳಗೆ ‘ಮೂಢನಂಬಿಕೆಗೆ ಸೆಡ್ಡು ಹೊಡೆದ ಮುಖ್ಯೋಪಾಧ್ಯಾಯರು’ ಅಂತ ಇತ್ತು.

ಮರುದಿನಕ್ಕೆ ಹಾಕಿದರೆ

ಅಮೆರಿಕದ ಟೆಕ್ಸಸ್‌ನಲ್ಲಿ ಪೂರ್ಣ ಗ್ರಹಣ ಇದೆ ಅಂತ ಗೊತ್ತಾದಾಗ ಜೆ.ಪಿ. ನಗರದ ನಮ್ಮ ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಗೆಲ್ಲ ಹೇಳಿದೆ. ಒಬ್ಬರಿಗೂ ಉತ್ಸಾಹ ಬರಲಿಲ್ಲ. ರಿಟೈರ್ ಆದ ಒಬ್ಬ ಬ್ಯಾಂಕ್ ಮ್ಯಾನೇಜರು ಮಾತ್ರ ಅದರ ಜೊತೆ ನಯಾಗರ ಸೇರಿಸಿದರೆ ಯೋಚನೆ ಮಾಡಬಹುದು ಅಂದರು. ಸೇರಿಸಿದೆ. ನಾನು, ನನ್ನ ಹೆಂಡತಿ ಸೇರಿ ಎಂಟು ಜನ ಆದೆವು. ಏಳು ಜನ ನಯಾಗರಕ್ಕೆ, ನಾನೊಬ್ಬ ಗ್ರಹಣಕ್ಕೆ.

ಜಯನಗರದ ಒಂದು ಟೂರ್ ಆಫೀಸಿಗೆ ಹೋದೆ. ಅಲ್ಲಿದ್ದವಳು ಗದಗಿನ ಕಡೆಯ ಹುಡುಗಿ, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗೆ ಇದ್ದು ಕೆಲಸ ಮಾಡುತ್ತಿದ್ದಳು. ಬಹಳ ಚುರುಕು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಗ್ರಹಣ ಬೀಳುವ ಸೋಮವಾರದ ಲೆಕ್ಕಕ್ಕೆ ವಿಮಾನದ ಟಿಕೆಟ್ ದುಬಾರಿ ಅಂತ ಕಂಪ್ಯೂಟರ್ ನೋಡಿ ಹೇಳಿದಳು. "ಗ್ರಹಣ ಮಂಗಳವಾರಕ್ಕ ಹಾಕಿದ್ರ ನಡೀತೈತೇನ್ರಿ ಸರ?"

ಅದು ನನ್ನ ಕೈಯಲ್ಲಿಲ್ಲಮ್ಮ ಅಂದೆ. ಆಮೇಲೆ ಮೇಷ್ಟ್ರ ಚಟ, ಅಲ್ಲೇ ಅರ್ಧ ಗಂಟೆ ಪಾಠ ಮಾಡಿದೆ. ಪೂರ್ಣ ಗ್ರಹಣ ಎಷ್ಟು ಅಪರೂಪ, ನಾನು ಅದಕ್ಕಾಗಿ ಎಷ್ಟು ವರ್ಷದಿಂದ ಕಾದಿದ್ದೇನೆ, ಎಲ್ಲ. ಅವಳು ತಾಳ್ಮೆಯಿಂದ ಕೇಳಿದಳು.

"ನಮ್ಮಜ್ಜಿ ನೋಡ್ಯಾಳ್ರಿ ಸರ. ಆವತ್ತ ಹೊಲದಾಗ ಕಳೆ ತಗೀಲಿಕ್ಕೆ ಹೋಗಿದ್ಲು. ಗ್ರಹಣ ಐತಿ ಅಂತ ಅಕಿಗೆ ಯಾರೂ ಹೇಳಿರ್ಲಿಲ್ಲ."

ರೇವತಿ ನಕ್ಷತ್ರ

ನನ್ನ ಹೆಂಡತಿ ಬಸವನಗುಡಿಯ ಹಳೆಯ ಮನೆತನದವಳು. ಗ್ರಹಣ ಅಂದರೆ ಅವಳಿಗೆ ದೊಡ್ಡ ಕಾರ್ಯಕ್ರಮ. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ, ಹಾಲಿನ ಪಾತ್ರೆಯ ಮೇಲೆ ದರ್ಭೆ, ಹಿಡಿದಾಗ ಒಂದು ಸ್ನಾನ, ಬಿಟ್ಟಾಗ ಒಂದು ಸ್ನಾನ. ಅವಳು ಮೊದಲು ಪುರೋಹಿತರಿಗೆ ಫೋನು ಮಾಡಿದಳು. ಅವರು ಪಂಚಾಂಗ ನೋಡಿ, ಈ ಗ್ರಹಣ ನಮ್ಮ ದೇಶದಲ್ಲಿ ಕಾಣುವುದಿಲ್ಲ, ಆದ್ದರಿಂದ ಆಚರಣೆ ಇಲ್ಲ, ನೆಮ್ಮದಿಯಾಗಿರಿ ಅಂದರು. ನಾವು ಕಾಣುವ ಕಡೆಗೇ ಹೋಗುತ್ತಿದ್ದೇವೆ ಅಂತ ಇವಳು ಹೇಳಿದಳು.

"ಅಲ್ಲಮ್ಮಾ, ತಾನಾಗಿ ಹಿಡಿಯೋ ಗ್ರಹಣಕ್ಕೆ ಶಾಂತಿ ಹೇಳಿದ್ದಾರೆ. ಟಿಕೆಟ್ ತಗೊಂಡು ಹೋಗಿ ಹಿಡಿಸ್ಕೊಳ್ಳೋದಕ್ಕೆ ನಾನೇನು ಹೇಳ್ಲಿ?"

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಗ್ರಹಣ ಆಗುವುದು ರೇವತಿ ನಕ್ಷತ್ರದಲ್ಲಿ. ಉಳಿದವರು ಹೇಗೋ ನೋಡಿಕೊಳ್ಳಲಿ, ರೇವತಿಯವರು ಮಾತ್ರ ಕಣ್ಣೆತ್ತಿಯೂ ನೋಡಬಾರದು. ನನ್ನ ಹೆಂಡತಿಯದು ರೇವತಿ.

ಅಲ್ಲಿಗೆ ಅವಳು ಬರುವುದಿಲ್ಲ ಅಂದುಕೊಂಡೆ. "ಬರ್ತೀನಿ ರೀ. ನಿಮ್ಮೊಬ್ರನ್ನೇ ಕಳಿಸಿದ್ರೆ ಬೀಪಿ ಮಾತ್ರೆ ಯಾರು ನೆನಪು ಮಾಡ್ತಾರೆ? ಆದ್ರೆ ನೋಡಲ್ಲ" ಅಂದಳು. ಹದಿನೈದು ಸಾವಿರ ಕಿಲೋಮೀಟರ್ ಹೋಗಿ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುವ ಏರ್ಪಾಡಿಗೆ ನಾನು ಒಪ್ಪಿದೆ. ಟೂರ್ ಆಫೀಸಿನ ಹುಡುಗಿ ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ‘ಗ್ರಹಣ ನೋಡುವುದು’ ಅಂತ ಇಬ್ಬರಿಗೂ ಬರೆದಿದ್ದಳು. ಹೆಂಡತಿ ತನ್ನ ಅರ್ಜಿಯಲ್ಲಿ ಅದನ್ನು ತೆಗೆಸಿ ‘ಗಂಡನ ಮಾತ್ರೆ’ ಅಂತ ಹಾಕಿಸಲು ಹೋಗಿದ್ದಳು.

ಮುಟ್ಟದೆ ತಗೊಂಡರು

ಅಲ್ಲಿ ವಿಮಾನ ಇಳಿದಾಗ ನಮ್ಮ ಎಂಟು ಜನರ ಸಾಮಾನು ತಪಾಸಣೆ ಆಯಿತು. ಮ್ಯಾನೇಜರ ಹೆಂಡತಿಯ ಪೆಟ್ಟಿಗೆಯಲ್ಲಿ ಮೂರು ಬಗೆಯ ಉಪ್ಪಿನಕಾಯಿ, ಅದರ ಪಕ್ಕದಲ್ಲಿ ಒಂದು ಕಟ್ಟು ದರ್ಭೆ. ಅಧಿಕಾರಿ ಈ ಹುಲ್ಲು ಯಾಕೆ ಅಂತ ಕೇಳಿದ. ಸೂರ್ಯನಿಂದ ಉಪ್ಪಿನಕಾಯಿಯನ್ನು ಕಾಪಾಡಲು ಅಂತ ಮ್ಯಾನೇಜರು ಅಚ್ಚ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಅವನು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು ಕರೆದ.

ಹೊರದೇಶದ ಹುಲ್ಲು ಒಳಗೆ ಬಿಡುವ ಹಾಗಿಲ್ಲವಂತೆ. ಕೈಗೆ ಗವಸು ಹಾಕಿಕೊಂಡು, ಇಕ್ಕಳದಲ್ಲಿ ದರ್ಭೆಯನ್ನು ಎತ್ತಿ, ದೂರದಿಂದಲೇ ಒಂದು ಚೀಲಕ್ಕೆ ಇಳಿಸಿದರು. ಮ್ಯಾನೇಜರ ಹೆಂಡತಿ ಅಳುತ್ತಾರೋ ಜಗಳಕ್ಕೆ ನಿಲ್ಲುತ್ತಾರೋ ಅಂತ ನನಗೆ ಭಯ. ಅವರು ನನ್ನ ಹೆಂಡತಿಯ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದರು. "ನೋಡಿದ್ರಾ, ಕೈಯಲ್ಲಿ ಮುಟ್ಟಲಿಲ್ಲ. ಏನೇ ಹೇಳಿ, ಮಡಿ ಮೈಲಿಗೆ ಗೊತ್ತಿರೋ ಜನ."

ಬಾತ್‌ರೂಮಿನ ಪಕ್ಷ

ನಾನು ಆರು ತಿಂಗಳು ನಕ್ಷೆ ಹರಡಿಕೊಂಡು ಒಂದು ಜಾಗ ಗುರುತು ಮಾಡಿದ್ದೆ. ಗ್ರಹಣದ ದಾರಿಯ ನಡುಮಧ್ಯದ ಒಂದು ಬಯಲು. ಅಲ್ಲಿ ಪೂರ್ಣ ಕತ್ತಲು ನಾಲ್ಕು ನಿಮಿಷಕ್ಕಿಂತ ಹೆಚ್ಚು ಇರುತ್ತದೆ. ಹಿಂದಿನ ದಿನ ನಮ್ಮವರೆಲ್ಲ ವ್ಯಾನಿನಲ್ಲಿ ಹೋಗಿ ಅದನ್ನು ನೋಡಿಕೊಂಡು ಬಂದರು. ಬಯಲು ಚೆನ್ನಾಗಿದೆ, ಆದರೆ ಸ್ನಾನ ಎಲ್ಲಿ ಅಂತ ಕೇಳಿದರು. ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಶೌಚಾಲಯ ಬಿಟ್ಟರೆ ಅಲ್ಲಿ ಒಂದು ನಲ್ಲಿಯೂ ಇರಲಿಲ್ಲ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡದೆ ಎರಡು ಗಂಟೆ ವ್ಯಾನಿನಲ್ಲಿ ಕೂರುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ.

ನಾವು ಇಳಿದುಕೊಂಡಿದ್ದ ಲಾಡ್ಜು ಗ್ರಹಣದ ದಾರಿಯ ಅಂಚಿನಲ್ಲಿತ್ತು. ಅಲ್ಲಿ ಕತ್ತಲು ನಲವತ್ತೇ ಸೆಕೆಂಡು. ಆದರೆ ಪ್ರತಿ ಕೋಣೆಗೂ ಬಾತ್‌ರೂಮು, ಇಪ್ಪತ್ನಾಲ್ಕು ಗಂಟೆ ಬಿಸಿನೀರು. ನಾನು ನಾಲ್ಕು ನಿಮಿಷ ಎಲ್ಲಿ, ನಲವತ್ತು ಸೆಕೆಂಡು ಎಲ್ಲಿ ಅಂತ ಅಂಗಲಾಚಿದೆ. ಸಿಟ್ಟೂ ಬಂತು. ಮ್ಯಾನೇಜರು ಕೈ ಎತ್ತಿಸಿ ಮತ ಹಾಕಿಸಿದರು. ಏಳಕ್ಕೆ ಒಂದು. ನನ್ನನ್ನು ಸಮಾಧಾನ ಮಾಡುವಂತೆ ಹೆಗಲ ಮೇಲೆ ಕೈ ಇಟ್ಟರು. "ಮೇಷ್ಟ್ರೇ, ಒಂದ್ಸಲ ಕತ್ತಲಾದ್ಮೇಲೆ ಮುಗೀತು. ನಲವತ್ತು ಸೆಕೆಂಡ್ ಆದ್ಮೇಲೆ ಅದರಲ್ಲಿ ಹೊಸದೇನು ಬರುತ್ತೆ?"

ಬೆಂಗಳೂರಿನ ಗಡಿಯಾರ

ಗ್ರಹಣದ ದಿನ ಬೆಳಿಗ್ಗೆಯಿಂದ ಎಲ್ಲರೂ ಉಪವಾಸ ಅಂತ ತೀರ್ಮಾನವಾಗಿತ್ತು. ನನಗೆ ನಂಬಿಕೆ ಇಲ್ಲದಿದ್ದರೂ ಹೆಂಡತಿ ತಿನ್ನದಿರುವಾಗ ತಿನ್ನುವ ಧೈರ್ಯ ಇರಲಿಲ್ಲ. ಎಂಟು ಗಂಟೆಗೆ ಕೆಳಗೆ ಹೋಗಿ ನೋಡಿದರೆ ಮ್ಯಾನೇಜರು ಲಾಡ್ಜಿನ ಪುಕ್ಕಟೆ ತಿಂಡಿಯ ಮುಂದೆ ಕೂತಿದ್ದಾರೆ. ತಟ್ಟೆಯಲ್ಲಿ ನಾಲ್ಕು ಬ್ರೆಡ್ಡು, ಎರಡು ಬಾಳೆಹಣ್ಣು, ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್. ಏನು ಸಾರ್ ಇದು ಅಂದೆ. ಅವರು ಕೈಗಡಿಯಾರ ತೋರಿಸಿದರು. ಬೆಂಗಳೂರು ಬಿಟ್ಟ ಮೇಲೆ ಅವರು ಅದರ ಮುಳ್ಳು ತಿರುಗಿಸಿರಲೇ ಇಲ್ಲ.

"ನನ್ನ ವಾಚಲ್ಲಿ ಈಗ ಸಂಜೆ ಆರೂವರೆ. ಗ್ರಹಣ ಹಿಡಿಯೋದು ರಾತ್ರಿ ಹನ್ನೆರಡಕ್ಕೆ. ರಾತ್ರಿ ಹನ್ನೆರಡಕ್ಕೆ ಎಲ್ಲಾದ್ರೂ ಸೂರ್ಯಗ್ರಹಣ ಆಗುತ್ತಾ? ನೀವೇ ವಿಜ್ಞಾನದ ಮೇಷ್ಟ್ರು, ಹೇಳಿ."

ನಲವತ್ತು ಸೆಕೆಂಡು

ಬೆಳಗಿನಿಂದಲೂ ಮೋಡ. ಲಾಡ್ಜಿನ ಪಾರ್ಕಿಂಗ್ ಜಾಗದಲ್ಲಿ ನಾವು ಎಂಟು ಜನ, ಕುರ್ಚಿ ತಂದು ಕೂತಿದ್ದ ಅಲ್ಲಿನವರು ಹತ್ತು ಹದಿನೈದು ಜನ. ಮೇಲೆ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿತ್ತು. ಇಲ್ಲಿಯವರೆಗೂ ಬಂದು ಇದೂ ತಪ್ಪಿದರೆ ಈ ಜನ್ಮಕ್ಕೆ ಮುಗಿಯಿತು ಅನಿಸುತ್ತಿತ್ತು. ಹೆಂಡತಿ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ, ಸೂರ್ಯನಿಗೆ ಬೆನ್ನು ಹಾಕಿ, ಸಾಲದು ಅಂತ ಕೊಡೆಯನ್ನೂ ಬಿಚ್ಚಿ ಹಿಡಿದು ಲಾಡ್ಜಿನ ಗೋಡೆ ನೋಡುತ್ತಾ ನಿಂತಿದ್ದಳು.

ಮಧ್ಯಾಹ್ನ ಒಂದೂವರೆಗೆ ಮೋಡ ಹರಿಯಿತು. ಯಾರ ಪುಣ್ಯವೋ ಗೊತ್ತಿಲ್ಲ, ಸೂರ್ಯನ ಸುತ್ತ ಒಂದಿಷ್ಟು ಆಕಾಶ ತೊಳೆದಿಟ್ಟಂತೆ ಆಯಿತು. ಕಪ್ಪು ಕನ್ನಡಕದಲ್ಲಿ ಸೂರ್ಯ ಉಗುರಿನ ಚೂರಿನಷ್ಟು ಉಳಿದಿದ್ದ. ಗಾಳಿ ತಣ್ಣಗಾಯಿತು. ಬೀದಿದೀಪ ತಾವೇ ಹತ್ತಿಕೊಂಡವು. ಪೂರ್ತಿ ಕತ್ತಲಾದ ಕೂಡಲೇ ಕನ್ನಡಕ ತೆಗೆದು ಬರಿಗಣ್ಣಿನಲ್ಲಿ ನೋಡಬೇಕು ಅಂತ ನಾನು ಎಲ್ಲರಿಗೂ ಜೆ.ಪಿ. ನಗರದ ಪಾರ್ಕಿನಲ್ಲೇ ಡ್ರಿಲ್ ಮಾಡಿಸಿದ್ದೆ. ಕೊನೆಯ ಬೆಳಕು ಆರಿತು. "ತೆಗೀರಿ" ಅಂತ ಕೂಗಿದೆ. ಎಲ್ಲರೂ ತೆಗೆದರು. ನಾನೂ ತೆಗೆದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ದೇವಸ್ಥಾನದಲ್ಲಿ ಮೂರು ಗಂಟೆ ಕ್ಯೂ ನಿಲ್ಲುತ್ತೇವೆ, ಮುಂದಿನವರ ತಲೆ ಅಡ್ಡ ಬಂದರೆ ಬೈಯುತ್ತೇವೆ. ಕೊನೆಗೆ ಪರದೆ ಸರಿದು ಮಂಗಳಾರತಿ ಎತ್ತಿದ ಗಳಿಗೆಯಲ್ಲಿ ನಾವು ಮಾಡುವುದೇನು? ಕಣ್ಣು ಮುಚ್ಚಿ ಕೈ ಮುಗಿಯುತ್ತೇವೆ. ಆ ಕತ್ತಲು ಮೈಮೇಲೆ ಇಳಿದಾಗ ನನ್ನ ಕೈ ತಾನಾಗಿ ಮೇಲೆ ಹೋಯಿತು, ಕಣ್ಣು ತಾನಾಗಿ ಮುಚ್ಚಿತು. ಎದೆ ತುಂಬಿ ಬಂದಿತ್ತು, ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯಲಿಲ್ಲ. ಸುತ್ತಲಿನವರು ಹೋ ಅಂತ ಚಪ್ಪಾಳೆ ತಟ್ಟಿದಾಗ ಕಣ್ಣು ಬಿಟ್ಟೆ. ಹಗಲಾಗಿತ್ತು.

ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಕೊಡೆ ನೆಲದಲ್ಲಿ ಬಿದ್ದಿತ್ತು, ಕೆನ್ನೆ ಒದ್ದೆಯಾಗಿತ್ತು. ಒಮ್ಮೆಲೇ ಕತ್ತಲಾದಾಗ ಹೆದರಿಕೆಯಾಗಿ, ನಾನೆಲ್ಲಿದ್ದೇನೆ ಅಂತ ನೋಡಲು ತಿರುಗಿದಳಂತೆ. ನನ್ನ ತಲೆಯ ಮೇಲೆಯೇ ಅದು ಇತ್ತಂತೆ. ಅದನ್ನೇ ನೋಡುತ್ತಾ ನನ್ನ ಪಕ್ಕಕ್ಕೆ ಬಂದವಳು ಮತ್ತೆ ಕಣ್ಣು ಕೀಳಲಿಲ್ಲವಂತೆ.

"ಕಪ್ಪಗೆ, ದುಂಡಗೆ ರೀ. ಸುತ್ತ ಬೆಳ್ಳಗೆ ಕೂದಲು ಬಿಚ್ಚಿ ಹರಡಿದ ಹಾಗೆ. ಕೆಳಗಡೆ ಕುಂಕುಮದಷ್ಟು ಕೆಂಪಗೆ ಒಂದು ಚುಕ್ಕಿ. ಪಕ್ಕದಲ್ಲಿ ಒಂದು ನಕ್ಷತ್ರ, ಮಧ್ಯಾಹ್ನದಲ್ಲಿ."

ಆ ಬೆಳ್ಳಗಿನದು ಸೂರ್ಯನ ಪ್ರಭಾವಲಯ, ಕೆಂಪಗಿನದು ಬೆಂಕಿಯ ನಾಲಿಗೆ, ನಕ್ಷತ್ರ ಅಲ್ಲ ಅದು ಶುಕ್ರ ಅಂತ ವಿವರಿಸಿದೆ. ವಿವರಿಸುತ್ತಲೇ ನನಗೆ ಅಳು ಬಂದುಬಿಟ್ಟಿತು. ಪಕ್ಕದಲ್ಲೇ ನಿಂತಿದ್ದೀಯಲ್ಲ, ಒಂದು ಸಲ ಕೈ ಹಿಡಿದು ಅಲುಗಾಡಿಸಬಾರದಿತ್ತೇ ಅಂತ ಕೇಳಿದೆ. ಅವಳು ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದಳು, ಆಮೇಲೆ ತನ್ನದು.

"ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನೀವು ಯಾವ ದೇವರಿಗೂ ಅಷ್ಟು ಭಕ್ತಿಯಿಂದ ಕೈ ಮುಗಿದಿದ್ದು ನಾನು ನೋಡಿರ್ಲಿಲ್ಲ ರೀ. ಹೇಗೆ ಎಬ್ಬಿಸ್ಲಿ?"