ಹದಿನೈದು ಮನೆಗೆ ಒಂದೇ ಫೋನು

ಬೆಳಿಗ್ಗೆ ಎದ್ದು ಮುಖ ತೊಳೆದು, ಒಲೆ ಹಚ್ಚುವ ಮೊದಲು ಅಡುಗೆಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುವುದು ನನ್ನ ಅಭ್ಯಾಸ. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ದೇವರ ಹತ್ತಿರ ಹೆಚ್ಚೇನೂ ಕೇಳುವುದಿಲ್ಲ. ಅವನಿಗೂ ನೂರು ಕೆಲಸ. ಈಚೆಗೆ ಮಾತ್ರ ಒಂದು ಸಣ್ಣ ಬೇಡಿಕೆ ಇಟ್ಟಿದ್ದೆ: ನಾನು ಕಣ್ಣು ತೆರೆಯುವವರೆಗೆ ಫೋನು ಬಡಿದುಕೊಳ್ಳದಿರಲಿ. ಅದೂ ನಡೆಯಲಿಲ್ಲ. ದೇವರಾದರೂ ಏನು ಮಾಡಿಯಾನು, ಅವನ ಎದುರಾಳಿ ನಮ್ಮ ಯಜಮಾನರು.

ನಮ್ಮ ಕಟ್ಟಡದ ಬಾಗಿಲಿಗೆ ಹೊಸ ಯಂತ್ರ ಬಂತು. ಬಂದವರು ಅದರಲ್ಲಿ ಮನೆ ನಂಬರ್ ಒತ್ತಿದರೆ ಆ ಮನೆಯವರ ಫೋನು ರಿಂಗಾಗುತ್ತದೆ. ಅವರು ಮಾತಾಡಿ ಒಂಬತ್ತು ಒತ್ತಿದರೆ ಬಾಗಿಲು ತೆರೆಯುತ್ತದೆ. ಎಲ್ಲರ ಫೋನ್ ನಂಬರನ್ನೂ ತುಂಬಿಸಿಕೊಡುತ್ತೇನೆಂದು ಮೆಕ್ಯಾನಿಕ್ ಹೇಳಿದ. ಕಟ್ಟಡದ ಕಾರ್ಯದರ್ಶಿಯಾದ ನಮ್ಮವರು ತುಂಬಿದ ಸಭೆಯಲ್ಲಿ ಅವನನ್ನು ತಡೆದರು.

"ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದೀನಪ್ಪ. ನಂಬರ್ ಒತ್ತೋದು ನೀನು ನಂಗೆ ಹೇಳ್ಕೊಡ್ತೀಯಾ?"

ಮೊದಲು ನಮ್ಮ ಮನೆಗೆ ತಮ್ಮದೇ ನಂಬರ್ ಹಾಕಿದರು (ಯಜಮಾನರಲ್ಲವೇ). ಆಮೇಲೆ ಪರೀಕ್ಷೆಗೆಂದು ಮಿಕ್ಕ ಹದಿನೈದು ಮನೆಗೂ ನನ್ನ ನಂಬರ್ ಹಾಕಿ, ಬಾಗಿಲ ಬಳಿಯಿಂದ ಒಂದೊಂದೇ ಒತ್ತಿ, "ಕೇಳಿಸ್ತಾ? ಈಗ ಕೇಳಿಸ್ತಾ?" ಎಂದು ಒಂದು ಮಧ್ಯಾಹ್ನ ಪೂರ್ತಿ ನನ್ನ ಪ್ರಾಣ ತೆಗೆದರು. ಎಲ್ಲ ಪಾಸು. ಮರುದಿನ ಆಯಾ ಮನೆಯವರ ನಂಬರ್ ತುಂಬಿದರು.

ಒಂದೊಂದು ನಂಬರ್ ತುಂಬಿದಾಗಲೂ ಈ ಯಂತ್ರ ಎರಡು ಸಲ ಕೂಗುತ್ತದೆ. ಮೊದಲ ಕೂಗಿಗೆ 'ಕೇಳಿಸಿಕೊಂಡೆ' ಎಂದರ್ಥ, ಎರಡನೆಯದಕ್ಕೆ 'ನೆನಪಿಟ್ಟುಕೊಂಡೆ' ಎಂದು. ಪರೀಕ್ಷೆಯ ದಿನ ಭಯಭಕ್ತಿಯಿಂದ ಎರಡಕ್ಕೂ ಕಾದರು. ಮರುದಿನದ ಹೊತ್ತಿಗೆ ಪಂಡಿತರಾಗಿದ್ದರು. ಮೊದಲ ಕೂಗಿಗೇ ಮುಂದಿನ ಮನೆಗೆ ಹಾರಿದರು. ಯಂತ್ರ ಪಾಪ, ಕೇಳಿಸಿಕೊಂಡಿತು, ಮರೆತುಬಿಟ್ಟಿತು. ನಮ್ಮವರ ಜೊತೆ ಅಷ್ಟು ಹೊತ್ತು ಇದ್ದದ್ದಕ್ಕೆ ಅವರ ಗುಣವೇ ಬಂದಿರಬೇಕು.

ಹದಿನೈದು ಮನೆಗೂ ನನ್ನ ನಂಬರೇ ಉಳಿದು, ಅಂದಿನಿಂದ ಅವುಗಳ ಅತಿಥಿ ಅಭ್ಯಾಗತರೆಲ್ಲ ನನ್ನ ಪಾಲಿಗೆ ಬಂದರು.

"ಅಮ್ಮಾ, ಪಾರ್ಸೆಲ್."

"ಯಾವ ಮನೆಗಪ್ಪ?"

"ನಿಮ್ಮ ಮನೆಗೇ."

"ನಮ್ಮದು ಯಾವುದು?"

"ಅದನ್ನ ನನ್ನ ಕೇಳ್ತೀರಲ್ಲಮ್ಮ."

ಮೇಲಿನ ಮಹಡಿಯ ದಂತವೈದ್ಯೆಯ ಅತ್ತೆ ದಿನವೂ ಬೆಳಿಗ್ಗೆ ವಾಕಿಂಗ್ ಮುಗಿಸಿ, ಸೊಸೆಯನ್ನು ಕರೆಯಲು ಗುಂಡಿ ಒತ್ತಿ, ನನ್ನ ದನಿ ಕೇಳಿ, ಅಲ್ಲೇ ನಿಂತು ಸೊಸೆಯ ವಿಚಾರ ಹೇಳುವರು. ಹೇಳುವವರ ಮಾತು ಅರ್ಧಕ್ಕೆ ಕತ್ತರಿಸಲು ನನಗೆ ಬರುವುದಿಲ್ಲ. ಒಂದು ಕಡೆ ದೇವರು ಕಾಯುತ್ತಿರುವನು, ಇನ್ನೊಂದು ಕಡೆ ಹಚ್ಚದ ಒಲೆ, ನಾನು "ಹೌದಾ? ಹಾಗಂದ್ಲಾ?" ಎನ್ನುತ್ತ ನಿಂತಿರುವೆ.

"ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡ್ರೀ," ಎಂದೆ.

"ಒಂದ್ಸಲ ಪಾಸಾದವರನ್ನ ಮತ್ತೆ ಪರೀಕ್ಷೆಗೆ ಕೂರಿಸ್ತಾರೇನೇ? ಯಂತ್ರ ಸರಿಯಾಗಿದೆ. ಜನಕ್ಕೆ ಒತ್ತೋಕೆ ಬರಲ್ಲ."

"ಹಾಗಾದ್ರೆ ಆ ಮೆಕ್ಯಾನಿಕ್ಕನ್ನಾದ್ರೂ ಕರೀರಿ."

"ಅಷ್ಟು ಜನರ ಮುಂದೆ ಬೇಡ ಅಂದು ಈಗ ಕರೆದ್ರೆ ನನ್ನ ಮುಖ ಎಲ್ಲಿಡ್ಲಿ?"

ಇಷ್ಟರಲ್ಲಿ ಅಕ್ಕ ಬರುವುದಾಗಿ ಹೇಳಿ ಕಳಿಸಿದಳು. ಹೋದ ವರ್ಷ ಅವಳು ಬಂದಾಗ ನಾನು ಪಕ್ಕದ ಮನೆಯವರ ಕಷ್ಟ ಕೇಳುತ್ತ ಕೂತು, ಅವಳ ಚಹಾ ತಣ್ಣಗಾಗಿ, "ನಿಂಗೆ ಊರವರೆಲ್ಲ ಬೇಕು, ನಾನೊಬ್ಳು ಬೇಡ," ಎಂದು ಎದ್ದು ಹೋಗಿದ್ದಳು. ಆಮೇಲೆ ಮಾತಿಲ್ಲ ಕತೆಯಿಲ್ಲ. ಈ ಸಲ ಹಾಗಾಗಬಾರದು. ಅವಳ ಎದುರು ಫೋನು ಒಂದು ಸಲವೂ ಬಡಿದುಕೊಳ್ಳಬಾರದೆಂದು, ಆ ಬೆಳಿಗ್ಗೆ ಪ್ರಾರ್ಥನೆಗೆ ಕೂರುವ ಮೊದಲೇ ಅದನ್ನು ಆರಿಸಿ ಡಬ್ಬಿಗಳ ಹಿಂದೆ ಇಟ್ಟೆ.

ಆಹಾ, ಎಂಥ ನೆಮ್ಮದಿ. ಅಕ್ಕನಿಗಾಗಿ ಒಳ್ಳೆಯ ಕಪ್ಪುಗಳನ್ನು ತೆಗೆದು ತೊಳೆದೆ. ಹೊತ್ತು ಏರಿತು, ಅಕ್ಕ ಬರಲಿಲ್ಲ. ಕಿಟಕಿಯಿಂದ ಇಣುಕಿದರೆ ಬಾಗಿಲ ಮುಂದೆ ಜಾತ್ರೆ. ಕೆಳಗೆ ಓಡಿದೆ.

ಪಾರ್ಸೆಲ್ಲಿನವನು, ಕೊಳಾಯಿ ರಿಪೇರಿಯವನು, ದಂತವೈದ್ಯೆಯ ಅತ್ತೆ. ಎಲ್ಲರ ನಡುವೆ ಪೆಟ್ಟಿಗೆಯ ಮೇಲೆ ಕೂತು ಅಧ್ಯಕ್ಷ ಭಾಷಣ ಮಾಡುತ್ತಿದ್ದಳು ನಮ್ಮಕ್ಕ.

"ಇವಳ ಮನೆ ನಂಬರ್ ಒತ್ತಿದೆ, ಯಾರೂ ಎತ್ತಲಿಲ್ಲ." (ನಮ್ಮವರ ಫೋನು ಸದ್ದಡಗಿಸಿಕೊಂಡು ಗೂಟದ ಅಂಗಿಯ ಜೇಬಿನಲ್ಲಿತ್ತು.) "ಮಿಕ್ಕ ಮನೆ ಒತ್ತಿದ್ರೆ ಎಲ್ಲಾ ಸ್ವಿಚ್ ಆಫ್. ಯಾರೋ ಮಹಾತಾಯಿ ಇಡೀ ಕಟ್ಟಡದ ಬಾಗಿಲು ಸೆರಗಿಗೆ ಕಟ್ಕೊಂಡು ಮಲಗಿದ್ದಾಳಂತೆ. ಯಾರ್ರೀ ಅವಳು?"

ಬಾಗಿಲು ತೆರೆದ ನನ್ನನ್ನು ಕಂಡು ಅತ್ತೆಯವರ ಮುಖ ಅರಳಿತು. "ಇವರೇ ಅವರು. ತುಂಬಾ ಒಳ್ಳೆಯವರು. ನಾನು ಏನು ಹೇಳಿದ್ರೂ ಕೇಳ್ತಾರೆ."

ಅಕ್ಕ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ.

ಮೇಲೆ ಬಂದು ಎರಡು ಕಪ್ ಚಹಾ ಕುಡಿದ ಮೇಲೆ ಅವಳ ಮುಖ ಅಷ್ಟಿಷ್ಟು ಸಡಿಲವಾಯಿತು. "ಆಗ್ಲಿ ಬಿಡು, ಎರಡು ದಿನ ಇದ್ದೇ ಹೋಗ್ತೀನಿ," ಎಂದಳು. ನನ್ನ ಜೀವ ತಂಪಾಯಿತು. ಅಷ್ಟರಲ್ಲಿ ನಮ್ಮವರು ಕನ್ನಡಕ ಏರಿಸಿಕೊಂಡು ಬಂದರು.

"ನೋಡೇ, ತಪ್ಪು ಎಲ್ಲಾಗಿದೆ ಅಂತ ಸಿಕ್ತು. ನಿನ್ನ ನಂಬರ್ ಈಗಲೇ ಎಲ್ಲಾ ಕಡೆಯಿಂದ ತೆಗೆದುಬಿಡ್ತೀನಿ. ಇವತ್ತಿಂದ ನೀನು ನಿಶ್ಚಿಂತೆಯಾಗಿ ಪ್ರಾರ್ಥನೆ ಮಾಡ್ಕೋ."

ನನಗೆ ಕಣ್ಣು ತುಂಬಿ ಬಂತು. ಅವರು ಅಕ್ಕನ ಕಡೆ ತಿರುಗಿದರು.

"ಪರೀಕ್ಷೆಗೆ ಒಂದು ನಂಬರ್ ಬೇಕಲ್ಲ. ಅತ್ತಿಗೆ, ಒಂದು ಮಧ್ಯಾಹ್ನದ ಮಟ್ಟಿಗೆ ನಿಮ್ಮದು ಹಾಕ್ಕೊಳ್ಲಾ?"

"ಅದಕ್ಕೇನಂತೆ, ಹಾಕ್ಕೊಳ್ಳಿ," ಎಂದಳು ಏನೂ ಅರಿಯದ ಅಕ್ಕ.

ನಾನು ಎದ್ದು, ಡಬ್ಬಿಗಳ ಹಿಂದಿನಿಂದ ಫೋನು ತೆಗೆದು, ಆನ್ ಮಾಡಿ ಮಡಿಲಲ್ಲಿ ಇಟ್ಟುಕೊಂಡೆ.

"ಏನೂ ಬೇಡ್ರೀ," ಎಂದೆ. "ನಂದೇ ಇರ್ಲಿ."