ಮಾಮಿಯ ಮೇಲೊಂದು ಸಿವಿಲ್ ದಾವೆ

ಕಾನೂನು ತಿಳಿದವನನ್ನು ಯಾರೂ ಅಲ್ಲಾಡಿಸಲಾರರು. ನಾನಂತೂ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಗಾಗಿ ಧನುರ್ಮಾಸದ ಒಂದು ಶನಿವಾರ ಬೆಳಿಗ್ಗೆ, ವಡಪಳನಿಯ ನಮ್ಮ ಫ್ಲಾಟಿನ ಗೇಟಿನೆದುರು ಧೊಪ್ಪನೆ ಬಿದ್ದಾಗ, ನನ್ನ ಬಾಯಿಂದ "ಅಯ್ಯೋ"ಗಿಂತ ಮೊದಲು ಬಂದದ್ದು "ನೆಗ್ಲಿಜೆನ್ಸ್!"

ಕೆಳಮನೆಯ ಕಮಲಾ ಮಾಮಿ ರಂಗೋಲಿ ಹಾಕಲು ಗೇಟಿನ ಮುಂದೆ ನೀರು ಚೆಲ್ಲಿ ತೊಳೆದಿದ್ದರು. ಹಾಲಿನ ಪ್ಯಾಕೆಟ್ ತರಲು ಇಳಿದ ನಾನು ಅಲ್ಲಿ ಜಾರಿದೆ. ಪಾದದ ಮೂಳೆ ಬಿರುಕು ಬಿಟ್ಟಿತು. ಆಟೋ ಕೂಗಿ ನನ್ನನ್ನೂ ನನ್ನ ಹೆಂಡತಿ ವತ್ಸಲಳನ್ನೂ ಹತ್ತಿಸಿದವರು ಮಾಮಿಯೇ. ಇರಲಿ, ಆಟೋ ಹತ್ತಿಸಿದವರಿಗೆ ಕಾನೂನಿನಲ್ಲಿ ರಿಯಾಯಿತಿ ಇಲ್ಲ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದವನೇ ಘೋಷಿಸಿದೆ. "ದಾವೆ ಹೂಡ್ತೀನಿ! ಓಡಾಡೋರ ಬಗ್ಗೆ ಎಚ್ಚರ ವಹಿಸೋದು ಆಕೆಯ ಕರ್ತವ್ಯ. ವಹಿಸಲಿಲ್ಲ. ಅದರಿಂದಲೇ ಬಿದ್ದೆ. ಹಾನಿಯಾಯ್ತು. ಎಲ್ಲಾ ಸರಿಯಾಗಿ ಕೂತಿದೆ ನೋಡು!"

"ನಿಮ್ಮ ತಲೆಯೊಂದನ್ನ ಬಿಟ್ಟು," ಅಂದಳು ವತ್ಸಲಾ. "ಮಾಮಿ ದಿನಾ ಬಾಗಿಲಲ್ಲಿ ರಸಂ ಇಟ್ಟು, ಬೆಲ್ ಒತ್ತಿ ಹೋಗ್ತಾರೆ. ಅದನ್ನೇ ಸುರೀತಾ ಅವರ ಮೇಲೇ ಕೇಸಾ? ನಾಚಿಕೆ ಆಗಲ್ವಾ?"

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುವ ಮಗಳು ಕೊಯಮತ್ತೂರಿನ ಹಾಸ್ಟೆಲಿನಿಂದ ಫೋನಿನಲ್ಲಿ, "ಮಾಮಿ ಪಾವಂಪ್ಪಾ, ವಿಟ್ಟುಡುಪ್ಪಾ" ಅಂದಳು. ಪಾಪ, ಬಿಟ್ಟುಬಿಡು ಅಂತ. ನ್ಯಾಯಕ್ಕೆ ಮನೆಯಲ್ಲೇ ಇಷ್ಟು ವಿರೋಧ!

ಭಾನುವಾರ ನನ್ನ ಭಾವಮೈದುನ ಶ್ರೀಧರ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನ್ ಹಿಡಿದು ಬಂದ. ವಕೀಲ. ಕಾಫಿ ಕುಡಿದು ಪೆನ್ನು ತೆಗೆದ.

"ಭಾವ, ಎದುರು ಪಾರ್ಟಿ ಕೇಳ್ತಾರೆ. ಕಾಲಲ್ಲಿ ಚಪ್ಪಲಿ ಇತ್ತಾ?"

"ಎಲ್ಲಿಯ ಚಪ್ಪಲಿ? ಶನಿವಾರ ಅಲ್ವೇನೋ, ಎಣ್ಣೆಸ್ನಾನ! ನೆತ್ತಿಯಿಂದ ಅಂಗಾಲಿನವರೆಗೂ ಹರಳೆಣ್ಣೆ ತಿಕ್ಕಿಕೊಂಡಿದ್ದೆ. ನೆನೆಯೋವರೆಗೆ ಸುಮ್ನೆ ಯಾಕೆ ಕೂರೋದು, ಹಾಲು ತರೋಣ ಅಂತ ಇಳಿದೆ."

ಶ್ರೀಧರ ಪೆನ್ನು ಮುಚ್ಚಿದ. "ಅಂಗಾಲಿಗೂ?"

"ಕಣ್ಣಿಗೆ ತಂಪು ಕಣೋ!"

ವತ್ಸಲಾ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಮಾಮಿ ರಸಂ ಪಾತ್ರೆ ಹಿಡಿದು ತಾವೇ ಒಳಗೆ ಬಂದರು. ಪಾತ್ರೆ ಎಡಗೈಯಲ್ಲಿತ್ತು. ಬಲಗೈಗೆ ಮೊಣಕೈವರೆಗೆ ಪಟ್ಟಿ!

"ಒಣ್ಣುಮಿಲ್ಲೆ ಸಾರ್," ಅಂದರು, ಏನೂ ಇಲ್ಲ ಅಂತ. ತಮ್ಮ ತಮಿಳಿನಲ್ಲೇ ವಿವರಿಸಿದರು. ನಾವು ಆಟೋದಲ್ಲಿ ಹೋದಾಗ ನಮ್ಮ ಮನೆ ಬಾಗಿಲು ತೆರೆದೇ ಇತ್ತಂತೆ. ಮುಚ್ಚೋಣ ಅಂತ ಮೇಲೆ ಹತ್ತಿದರಂತೆ. ಮೆಟ್ಟಿಲ ಮೇಲೆ ಯಾರೋ ಎಣ್ಣೆ ಚೆಲ್ಲಿದ್ದರಂತೆ.

ಯಾರೋ!

ಶ್ರೀಧರ ಕಿವಿಯಲ್ಲಿ ಉಸುರಿದ. "ಕರ್ತವ್ಯ, ಲೋಪ, ಹಾನಿ, ಎಲ್ಲಾ ಸರಿಯಾಗೇ ಕೂತಿದೆ ಭಾವ. ಆದ್ರೆ ವಾದಿ ಅವರು. ಪ್ರತಿವಾದಿ ನೀವು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈ ಮುಗಿದೆ. "ಮಾಮಿ, ಆ ಎಣ್ಣೆ ನನ್ನ ಕಾಲಿಂದು. ನನ್ನ ಮೇಲೆ ಕೇಸು ಹಾಕಿ."

ಮಾಮಿ ನಕ್ಕುಬಿಟ್ಟರು. ಆಮೇಲೆ ಅವರ ದನಿ ಇಳಿಯಿತು. "ಕೈ ವಾಸಿಯಾಗುತ್ತೆ ಸಾರ್. ಆದ್ರೆ ಧನುರ್ಮಾಸದಲ್ಲೇ ಬಾಗಿಲು ರಂಗೋಲಿಯಿಲ್ಲದೆ ಬರಿದಾಗಿದೆ. ಮದುವೆಯಾಗಿ ಬಂದಾಗಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಎಡಗೈಯಲ್ಲಿ ಕೋಲಂ ಹಾಕಬಾರದು, ದೇವರಿಗೆ ಆಗೋಲ್ಲ."

ಮುರಿದ ಕೈಯಲ್ಲೂ ನನಗೆ ರಸಂ ಕಾಸಿದ ಆ ತಾಯಿಗೆ ಏನು ಕೊಟ್ಟರೆ ಸಾಲುತ್ತದೆ? ಎದೆಯುಬ್ಬಿಸಿ ತೀರ್ಪು ಕೊಟ್ಟೆ. "ನಷ್ಟ ತುಂಬಿಕೊಡೋದು ಪ್ರತಿವಾದಿಯ ಹೊಣೆ. ನಾಳೆಯಿಂದ ಕೋಲಂ ನನ್ನದು!"

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಮಣೆ ಹಾಕಿಸಿಕೊಂಡೆ. ಪ್ಲಾಸ್ಟರ್ ಕಾಲು ಚಾಚಿ ಅದರ ಮೇಲೆ ಕೂತು, ಮಾಮಿ ಹೇಳಿದಲ್ಲೆಲ್ಲ ಚುಕ್ಕಿಯಿಟ್ಟು, ಬೆವರು ಸುರಿಸಿ ಒಂದು ನವಿಲು ಬಿಡಿಸಿದೆ. ಹೂವಿನವಳು ನಿಂತು ನೋಡಿ, "ಆಟೋ ಚೆನ್ನಾಗಿದೆ ಸಾರ್" ಅಂದಳು.

ಮಾಮಿ ಬಹಳ ಹೊತ್ತು ಅದನ್ನೇ ನೋಡಿದರು. ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸಿದರು. ಆಮೇಲೆ ಸೆರಗು ಸಿಕ್ಕಿಸಿ, ಎಡಗೈಯಲ್ಲಿ ಹಿಟ್ಟು ತಗೊಂಡು ಬಗ್ಗಿದರು.

"ಮಾಮಿ, ಎಡಗೈ! ದೇವರು?"

"ನಿಮ್ಮದನ್ನ ನೋಡಿದ್ದಾನಲ್ಲ ಸಾರ್, ಇದನ್ನ ಕ್ಷಮಿಸ್ತಾನೆ."