ತಂಗಬಹುದು, ಮಲಗುವಂತಿಲ್ಲ

ಥಾರ್ನ್‌ಹರ್ಸ್ಟ್ ಬರೋ ಕೌನ್ಸಿಲ್ಲಿನ ಎಲ್ಲೆಯೊಳಗಿರುವ ಸಮಸ್ತ ಸಾರ್ವಜನಿಕ ಭೂಮಿಯೂ ಸಾರ್ವಜನಿಕರ ಕಾಲು ಸೋಕದಂತೆ ಸಂಪೂರ್ಣವಾಗಿ ಸಂರಕ್ಷಿಸಲ್ಪಟ್ಟಿದೆ. ಈ ಸಂಗತಿಯನ್ನು ಕೌನ್ಸಿಲ್ ಪ್ರತಿವರ್ಷವೂ ಹೆಮ್ಮೆಯಿಂದ ಪ್ರಕಟಿಸುತ್ತದೆ. ಲಂಡನ್ನಿನ ವಾಯವ್ಯಕ್ಕೆ, ಪಿನ್ನರ್‌ಗೂ ಕಿಂಗ್ಸ್‌ಬರಿಗೂ ನಡುವೆ ಎಲ್ಲೋ ಇರುವ ಈ ಬರೋ, ಎಂದರೆ ಈ ನಗರಸಭೆಯ ಪ್ರದೇಶ, ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೌನ್ಸಿಲ್ ಟ್ಯಾಕ್ಸಿನ ಕಾಗದ ಮಾತ್ರ ತಪ್ಪದೆ ಮನೆಗೆ ಬರುತ್ತದೆ. ಇಲ್ಲಿನ ಕನ್ನಡ ಕೂಟದ ಜಂಟಿ ಕಾರ್ಯದರ್ಶಿಯಾದ ನಾನು ಪರಪ್ಪನವರ ನಿದ್ರೆಗೆ ಸಂಬಂಧಪಟ್ಟ ವಿದ್ಯಮಾನಗಳನ್ನು ಯಾವ ಪಕ್ಷಪಾತವೂ ಇಲ್ಲದೆ ಇಲ್ಲಿ ದಾಖಲಿಸುತ್ತಿದ್ದೇನೆ. ಜಂಟಿ ಎಂದಮಾತ್ರಕ್ಕೆ ಇನ್ನೊಬ್ಬ ಕಾರ್ಯದರ್ಶಿ ಇದ್ದಾರೆಂದು ತಿಳಿಯಬಾರದು. ಹುಡುಕುತ್ತಿದ್ದೇವೆ.

ಪರಪ್ಪನವರು ವಿಜಯಪುರ ಜಿಲ್ಲೆಯ ಒಂದು ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ತಮ್ಮ ಇಡೀ ಸೇವಾವಧಿಯಲ್ಲಿ ಒಂದು ಕಡತವನ್ನೂ ಕಳೆದವರಲ್ಲ, ಏಕೆಂದರೆ ಯಾವುದನ್ನೂ ಇಟ್ಟ ಜಾಗದಿಂದ ಕದಲಿಸಿದವರಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳು ಸೌಂದರ್ಯಾ ಹಟ ಹಿಡಿದು ಅವರನ್ನು ಆರು ತಿಂಗಳ ಮಟ್ಟಿಗೆ ತನ್ನ ಫ್ಲ್ಯಾಟಿಗೆ ಕರೆಸಿಕೊಂಡಳು. ಬಂದ ದಿನದಿಂದಲೇ ಅವರಿಗೆ ನಿದ್ದೆ ಹಾರಿಹೋಯಿತು. ಮೊದಲು ವಿಮಾನದ ಪ್ರಭಾವ ಎಂದರು, ಆಮೇಲೆ ಚಳಿ ಎಂದರು, ಆಮೇಲೆ ಚಹಾ ಎಂದರು. ಬಡಾವಣೆಯ ವೈದ್ಯೆ ಜಿಪಿ ಹತ್ತಿರ ಹೋದರೆ ಆಕೆ ಸುಖನಿದ್ರೆಯ ಬಗೆಗಿನ ಒಂದು ಕರಪತ್ರ ಕೊಟ್ಟು ಕಳಿಸಿದರು. ಪರಪ್ಪನವರು ಅದನ್ನು ಅಳಿಯನಿಂದ ಗಟ್ಟಿಯಾಗಿ ಓದಿಸಿದರು. ಎರಡನೆಯ ಪುಟದಲ್ಲಿ ಕಣ್ಣು ಸ್ವಲ್ಪ ಎಳೆದಂತಾಯಿತಂತೆ, ಆದರೆ ಕರಪತ್ರ ಎರಡೇ ಪುಟದ್ದು.

"ನಮ್ಮೂರಾಗ ಮಾಳಗಿ ಮ್ಯಾಲ ಮಲಗ್ತಿದ್ವಿ, ಮ್ಯಾಲ ಚುಕ್ಕಿ ಇರ್ತಿದ್ವು," ಎಂದು ಅವರು ಮಗಳಿಗೆ ಹೇಳಿದರು. "ಇಲ್ಲಿ ನನ್ನ ತಲಿ ಮ್ಯಾಲ ಇನ್ನೊಬ್ರ ಸಂಸಾರ ಐತಿ. ನಿದ್ದಿ ಹ್ಯಾಂಗ ಬರಬೇಕು? ಟಿಕೆಟ್ ಮಾಡಿಸಿಬಿಡವಾ, ಹೋಗಿಬಿಡ್ತೀನಿ."

ಸೌಂದರ್ಯಾ ಕಿಂಗ್ಸ್‌ಬರಿಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ದಿನವಿಡೀ ಊರವರಿಗೆಲ್ಲ ನಿದ್ದೆ ಮಾತ್ರೆ ಅಳೆದುಕೊಡುವವಳು. ಅಪ್ಪ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ಕೂಟದ ಯುಗಾದಿ ಊಟದ ದಿನ ಒಬ್ಬಟ್ಟು ಬಡಿಸುತ್ತಾ ಅವಳು ನನಗೆ ನೇರವಾಗಿಯೇ ಹೇಳಿದಳು: ಅಮ್ಮ ಹೋದಾಗ ತಾನು ಹೀಥ್ರೋದಲ್ಲಿ ವಿಮಾನ ಕಾಯುತ್ತಾ ಕೂತಿದ್ದಳಂತೆ, ಈಗ ಅಪ್ಪನೂ ಕೈತಪ್ಪಿ ಹೋದರೆ ತನ್ನಿಂದ ತಡೆಯಲಾಗುವುದಿಲ್ಲವಂತೆ. ನಾನು ಸಮಾಧಾನ ಹೇಳಿದೆ. ಒಬ್ಬಟ್ಟು ಇನ್ನೊಂದು ಹಾಕಿಸಿಕೊಂಡೆ.

ಅವಳ ಗಂಡ ಕೃಷ್ಣಪ್ರಸಾದ ಮೈಸೂರಿನವನು, ಹೌನ್ಸ್ಲೋದಲ್ಲಿ ಐಟಿ ಕೆಲಸ. ಜಗತ್ತಿನ ಯಾವ ಸಂಕಟಕ್ಕೂ ಒಂದು ಆ್ಯಪ್ ಇದ್ದೇ ಇರುತ್ತದೆ ಎಂದು ನಂಬಿದವನು. ಅವನು ಛಾವಣಿಯಲ್ಲಿ ಗಾಜಿನ ಕಿಟಕಿ ಇರುವ ಒಂದು ಹಳೆಯ ಕ್ಯಾಂಪರ್‌ವ್ಯಾನ್ ಕೊಂಡುತಂದ. ಮಲಗಿದರೆ ನೇರ ಆಕಾಶ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿ, ಮಾವನವರನ್ನು ಸೋಫಾದ ಮೇಲೆ ಕೂರಿಸಿ ಲ್ಯಾಪ್‌ಟಾಪಿನಲ್ಲಿ ವಿವರಣೆ ಕೊಟ್ಟ.

"ಮಾವ, ಇದಕ್ಕೆ ಡ್ರೈ ಕ್ಯಾಂಪಿಂಗ್ ಅಂತಾರೆ. ನಲ್ಲಿ ಇರಲ್ಲ, ಕರೆಂಟ್ ಇರಲ್ಲ, ಬಾಡಿಗೇನೂ ಇರಲ್ಲ. ಸರ್ಕಾರಿ ಜಾಗದಲ್ಲಿ ಗಾಡಿ ನಿಲ್ಸಿ ಮಲ್ಕೊಳ್ಳೋದು, ಅಷ್ಟೇ."

"ಇದಕ್ಕ ನಾವು ವಸ್ತಿ ಅಂತೀವಿ," ಎಂದರು ಪರಪ್ಪ.

ಬಾಡಿಗೆ ಕೊಟ್ಟು ತಂಗುವ ಶಿಬಿರಗಳೆಲ್ಲ ಮುಂದಿನ ಬೇಸಿಗೆಯವರೆಗೂ ತುಂಬಿಹೋಗಿದ್ದವು. ಹೀಗಾಗಿ ಪುಕ್ಕಟೆ ಬಯಲು ತೋರಿಸುವ ಒಂದು ಆ್ಯಪನ್ನು ಹಚ್ಚಿಕೊಂಡರು. ಅದರಲ್ಲಿ ಐದು ನಕ್ಷತ್ರ ಪಡೆದ ಮೊದಲ ತಾಣ 'ವನ್ಯ ಏಕಾಂತ' ಪಿನ್ನರ್‌ನಲ್ಲಿ ಒಬ್ಬ ಗೃಹಸ್ಥರ ಮನೆಯ ಮುಂದಿನ ಕಾರು ನಿಲ್ಲಿಸುವ ಜಾಗವಾಗಿತ್ತು. ಎರಡು ಹೂಕುಂಡ ಇಟ್ಟಿದ್ದರು. ಜಾಗ ಪುಕ್ಕಟೆ, ಏಕಾಂತಕ್ಕೆ ಮಾತ್ರ ಶುಲ್ಕ ಎಂದು ಅವರು ವಿನಯದಿಂದ ತಿಳಿಸಿದರು. ನರಿ ಬಂದರೆ ಅದಕ್ಕೆ ಪ್ರತ್ಯೇಕ. ಎರಡನೆಯದು ಕಾಲುವೆ ಪಕ್ಕದ ಕಾರ್ ಪಾರ್ಕ್. ಅದು ಸಕಲ ವಾಹನಗಳಿಗೂ ಮುಕ್ತವಾಗಿದ್ದು, ಬಾಗಿಲಿಗೆ ಅಡ್ಡವಾಗಿ ಒಂದು ಕಬ್ಬಿಣದ ಕಂಬಿಯನ್ನು ಮಾತ್ರ ಹಾಕಲಾಗಿತ್ತು. ಮೂರನೆಯದು ಹಾಲೋಬ್ರೂಕ್ ಕಾಮನ್, ಕೌನ್ಸಿಲ್ಲಿನದೇ ಹುಲ್ಲುಬಯಲು. ಅಲ್ಲಿ ಕಂಬಿ ಇರಲಿಲ್ಲ, ನರಿ ಪುಕ್ಕಟೆ ಓಡಾಡುತ್ತಿತ್ತು, ಒಂದು ಫಲಕವೂ ಇತ್ತು:

"ಉಪವಿಧಿ ಹದಿನೇಳರ ಮೇರೆಗೆ ಸಾರ್ವಜನಿಕರು ಇಲ್ಲಿ ವಾಹನ ನಿಲ್ಲಿಸಿ ರಾತ್ರಿ ತಂಗಬಹುದು. ಮಲಗುವಂತಿಲ್ಲ."

ಮೊದಲ ರಾತ್ರಿಯೇ ಕಿಟಕಿಯ ಮೇಲೆ ಯಾರೋ ಮೆಲ್ಲನೆ ತಟ್ಟಿದರು. ಕೌನ್ಸಿಲ್ಲಿನ ಬಯಲು ತಂಗುವಿಕೆ ಅಧಿಕಾರಿ ಮಿಸ್ಟರ್ ಪೆಂಬರ್ಟನ್. ಅತ್ಯಂತ ಸಭ್ಯ ಮನುಷ್ಯ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ, ಒಳಗೆ ಯಾರಾದರೂ ನಿದ್ರಿಸುತ್ತಿದ್ದಾರೆಯೇ ಎಂದು ವಿಚಾರಿಸಿದರು.

"ಅದೊಂದ ಆಗವಲ್ದು ನೋಡ್ರಿ," ಎಂದರು ಪರಪ್ಪ.

ಮೊಮ್ಮಗಳು ಜಾಹ್ನವಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಪೆಂಬರ್ಟನ್ನರ ಮುಖ ಅರಳಿತು. ಈ ಹುದ್ದೆಗೆ ಬಂದಾಗಿನಿಂದ ಉಪವಿಧಿಯನ್ನು ಅಕ್ಷರಶಃ ಪಾಲಿಸುವ ಒಬ್ಬ ಪ್ರಜೆಯನ್ನೂ ತಾನು ಕಂಡಿರಲಿಲ್ಲ ಎಂದು ಹೇಳಿ ಪರಪ್ಪನವರ ಕೈ ಕುಲುಕಿದರು. ಆಮೇಲೆ ಇವರು ಅಲ್ಲಿ ತಂಗಿದ ಪ್ರತಿ ಶನಿವಾರವೂ ಬಂದು, ಗೌರವಪೂರ್ವಕವಾಗಿ, ಆಗಾಗ ಕಿಟಕಿ ತಟ್ಟಿ ಅವರ ಎಚ್ಚರವನ್ನು ವಿಚಾರಿಸಿಕೊಂಡು ಹೋಗತೊಡಗಿದರು.

"ಅಜ್ಜ, ಯು ಆರ್ ಅಲೌಡ್ ಟು ಲೈ ಡೌನ್," ಎಂದು ಜಾಹ್ನವಿ ಸಮಾಧಾನ ಹೇಳಿದಳು. "ಜಸ್ಟ್ ಡೋಂಟ್ ಎಂಜಾಯ್ ಇಟ್."

ಇಷ್ಟಾದ ಮೇಲೆ ಕನ್ನಡ ಕೂಟ ಸುಮ್ಮನೆ ಕೂರುವುದು ತರವಲ್ಲವೆಂದು ನಾನು ತುರ್ತು ಸಭೆ ಕರೆದೆ. ಬಯಲಿನಲ್ಲಿ ಜಾಗರಣೆ ಏರ್ಪಡಿಸುವುದು, ಹೊರಗೆ ನಾವೆಲ್ಲ ಎಚ್ಚರವಾಗಿದ್ದರೆ ಒಳಗಿನ ಒಬ್ಬರ ನಿದ್ದೆ ಯಾರ ಗಮನಕ್ಕೂ ಬರುವುದಿಲ್ಲ, ಎಂದು ಸರ್ವಾನುಮತದಿಂದ ನಿರ್ಣಯವಾಯಿತು. ಸುಶೀಲಾಬಾಯಿಯವರು ಭಜನೆ ಶುರುಮಾಡಿದರು, ಬಸವಂತಪ್ಪನವರು ದಮ್ಮಡಿ ಬಡಿದರು. ಪೆಂಬರ್ಟನ್ ತಾಳ ಹಾಕುತ್ತಾ ನಿಂತರೇ ಹೊರತು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಯೋಜನೆ ಸಂಪೂರ್ಣ ಯಶಸ್ವಿಯಾಯಿತು. ದಮ್ಮಡಿಯ ಸದ್ದಿಗೆ ಪರಪ್ಪನವರಿಗೆ ಮಾತ್ರ ಕಣ್ಣು ಹತ್ತಲಿಲ್ಲ. ಇದನ್ನು ಕೂಟದ ವಾರ್ಷಿಕ ಸಾಧನೆಗಳಲ್ಲಿ ಸೇರಿಸಲಾಗಿದೆ.

ಕೊನೆಗೆ ಕಾನೂನುಬದ್ಧ ದಾರಿ ಹಿಡಿಯದೆ ಗತಿ ಇರಲಿಲ್ಲ. ನಿದ್ರೆಯ ಅಗತ್ಯವನ್ನು ವೈದ್ಯರ ಪತ್ರದ ಮೂಲಕ ಸಾಬೀತುಪಡಿಸುವವರಿಗೆ ಕಾಮನ್‌ನಲ್ಲಿ ಮಲಗಲು ವಿನಾಯಿತಿ ಕೊಡಬಹುದೆಂದು ಅದೇ ಉಪವಿಧಿಯ ಬಾಲದಲ್ಲಿ ಬರೆದಿತ್ತು. ಜಿಪಿ ಪತ್ರ ಕೊಟ್ಟರು: ಇವರಿಗೆ ನಿದ್ದೆ ಬರುವುದಿಲ್ಲ. ಕೌನ್ಸಿಲ್ ಕೂಲಂಕಷವಾಗಿ ಪರಿಶೀಲಿಸಿ ಉತ್ತರ ಕಳಿಸಿತು: "ಅರ್ಜಿದಾರರಿಗೆ ನಿದ್ರೆ ಬರುವುದಿಲ್ಲವೆಂದು ವೈದ್ಯರೇ ದೃಢೀಕರಿಸಿರುವುದರಿಂದ ಅವರಿಗೆ ನಿದ್ರಿಸಲು ನೀಡುವ ಅನುಮತಿಯು ಬಳಕೆಯಾಗದೆ ವ್ಯರ್ಥವಾಗುವುದು. ಆದ್ದರಿಂದ ತಿರಸ್ಕರಿಸಲಾಗಿದೆ."

ಸೌಂದರ್ಯಾ ಅಡುಗೆಮನೆಗೆ ಹೋಗಿ ಅತ್ತಳು. ಪರಪ್ಪನವರು ಮಾತ್ರ ಆ ಕಾಗದವನ್ನು ಬೆಳಕಿಗೆ ಹಿಡಿದು ಅಳಿಯನಿಂದ ಮತ್ತೆ ಮತ್ತೆ ಓದಿಸಿಕೊಂಡರು.

"ಏನ್ ಬರದಾರ ನೋಡು," ಎಂದರು. "ನಾ ಇದ್ದಿದ್ರೂ ಇಷ್ಟು ಛಲೋ ಬರೀತಿರಲಿಲ್ಲ."

ಕೃಷ್ಣಪ್ರಸಾದ ಮೇಲ್ಮನವಿ ಹಾಕಿದ. ವಿಚಾರಣೆ ಮಂಗಳವಾರ ಸಂಜೆಗೆ ನಿಗದಿಯಾಯಿತು. ಪರಪ್ಪನವರು ಹಟ ಹಿಡಿದು ಮಾಡಿಸಿದ್ದ ವಾಪಸ್ ಹೋಗುವ ಟಿಕೆಟ್ ಶುಕ್ರವಾರದ್ದು. ಅವರ ಪೆಟ್ಟಿಗೆ ಆಗಲೇ ಬಾಗಿಲ ಹತ್ತಿರ ನಿಂತಿತ್ತು.

ಕೌನ್ಸಿಲ್ಲಿನ ಸಭಾಂಗಣವನ್ನು ನಾನು ನೋಡಿದ್ದು ಅಂದೇ ಮೊದಲು. ಅಗಲವಾದ ಮೆತ್ತನೆಯ ಬೆಂಚುಗಳು, ಎತ್ತರದ ಗಾಜಿನ ಗುಮ್ಮಟ, ಕೋಣೆ ಬೆಚ್ಚಗಿಡುವ ರೇಡಿಯೇಟರ್. ಸಾರ್ವಜನಿಕರ ಗ್ಯಾಲರಿಯಲ್ಲಿ ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಧ್ಯಕ್ಷೆ ಕೌನ್ಸಿಲರ್ ಮಿಸೆಸ್ ಡಾಬ್ಸನ್ ಕನ್ನಡಕ ಸರಿಮಾಡಿಕೊಂಡು, ಮೇಲ್ಮನವಿದಾರರನ್ನು ಆಲಿಸುವ ಮುನ್ನ ಎಲ್ಲ ಉಪವಿಧಿಗಳನ್ನೂ ಮೊದಲಿನಿಂದ ಓದಬೇಕಾಗಿರುವುದು ಸಂಪ್ರದಾಯ ಎಂದರು. ಗುಮಾಸ್ತ ಎದ್ದು ನಿಂತು, ಏರಿಳಿತವೇ ಇಲ್ಲದ ದನಿಯಲ್ಲಿ ಓದತೊಡಗಿದ.

ಬಾತುಕೋಳಿಗೆ ಬ್ರೆಡ್ ಹಾಕುವುದರ ನಿಷೇಧಕ್ಕೆ ಬರುವಷ್ಟರಲ್ಲಿ ಪರಪ್ಪನವರು ಒಮ್ಮೆ ಆಕಳಿಸಿದರು. ಗಾಳಿಪಟದ ನಿಯಂತ್ರಣದ ಹೊತ್ತಿಗೆ ತಲೆ ವಾಲಿತು. ಉಪವಿಧಿ ಹದಿನೇಳನ್ನು ಓದುವಾಗ ಗ್ಯಾಲರಿಯಿಂದ ಒಂದು ಗೊರಕೆ ಎದ್ದು ಗುಮ್ಮಟಕ್ಕೆ ತಾಗಿ ಮರಳಿತು.

ಗುಮಾಸ್ತ ಓದು ನಿಲ್ಲಿಸಿದ. ಎಲ್ಲರೂ ಪೆಂಬರ್ಟನ್ನರನ್ನು ನೋಡಿದರು. ಸೌಂದರ್ಯಾ ಎದ್ದು ನಿಂತು ಇಡೀ ಸಭೆಗೆ ಕೈಮುಗಿದಳು.

"ಎಬ್ಬಿಸಬ್ಯಾಡ್ರಿ," ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಯಾರೂ ನಮ್ಮಪ್ಪನ್ನ ಎಬ್ಬಿಸಬ್ಯಾಡ್ರಿ."

ಕನ್ನಡ ಬಾರದ ಆ ಸಭೆಗೆ ಇದು ಅರ್ಥವಾಯಿತು. ಪೆಂಬರ್ಟನ್ ತುಸು ಕೆಮ್ಮಿ, ಉಪವಿಧಿ ಹದಿನೇಳು ಬಯಲಿನಲ್ಲಿರುವ ವಾಹನಗಳಿಗೆ ಮಾತ್ರ ಅನ್ವಯವಾಗುತ್ತದೆಂದು ತಿಳಿಸಿದರು. ಕೌನ್ಸಿಲ್ಲಿನ ಕಾನೂನು ಸಲಹೆಗಾರ್ತಿ ಪ್ರಿಯಾಂಕಾ ದಪ್ಪನೆಯ ಪುಸ್ತಕಗಳನ್ನೆಲ್ಲ ತಿರುವಿಹಾಕಿ, ಸಭಾಂಗಣದಲ್ಲಿ ನಿದ್ರಿಸುವುದರ ವಿರುದ್ಧ ಯಾವ ನಿಯಮವೂ ಇಲ್ಲವೆಂದು ವರದಿ ಮಾಡಿದಳು. ಹಾಗೊಂದು ನಿಯಮ ಮಾಡುವ ಪ್ರಸ್ತಾಪ ಹಿಂದೆ ಬಂದಿತ್ತಂತೆ. ಮತಕ್ಕೆ ಹಾಕುವ ಹೊತ್ತಿಗೆ ಕೋರಂ ಎಚ್ಚರವಿರಲಿಲ್ಲವಂತೆ. ಇನ್ನು ಮೇಲ್ಮನವಿದಾರರನ್ನು ಆಲಿಸದೆ ಸಭೆ ಮುಗಿಸುವಂತಿಲ್ಲ. ಆಲಿಸುವ ಸಲುವಾಗಿ ಅವರನ್ನು ಎಬ್ಬಿಸಿದರೆ ಕಕ್ಷಿದಾರರ ಮೇಲೆ ಒತ್ತಡ ತಂದಂತಾಗುತ್ತದೆ. ಆದ್ದರಿಂದ ಅವರು ತಾವಾಗಿ ಏಳುವವರೆಗೂ ಸಭೆ ಮುಂದುವರಿಯತಕ್ಕದ್ದು, ಮತ್ತು ಸಭೆ ನಡೆಯುತ್ತಿರುವಷ್ಟು ಕಾಲ ಬಾಗಿಲುಗಳು ಸಾರ್ವಜನಿಕರಿಗೆ ತೆರೆದಿರತಕ್ಕದ್ದು.

ಈ ಚರ್ಚೆಯ ನಡುವಿನ ಮೌನದಲ್ಲಿ ಪರಪ್ಪನವರು ಒಮ್ಮೆ ಮಿಸುಕಿ ಮಗ್ಗುಲು ಬದಲಿಸಿದರು, ಕಣ್ಣು ತುಸು ತೆರೆಯಿತು. ಸೌಂದರ್ಯಾ ದಿಗಿಲಿನಿಂದ ಗುಮಾಸ್ತನ ಕಡೆ ನೋಡಿದಳು. ಅವನೂ ಮಕ್ಕಳೊಂದಿಗನಂತೆ. ಪುಸ್ತಕ ತೆರೆದು ಹದಿನೆಂಟನೆಯದರಿಂದ ಮತ್ತೆ ಓದತೊಡಗಿದ. ಗೊರಕೆ ಮೊದಲಿನ ಲಯಕ್ಕೆ ಮರಳಿತು.

ಬೆಳಿಗ್ಗೆ ಗುಮ್ಮಟದ ಗಾಜಿನಿಂದ ಬಿಸಿಲು ಬಿದ್ದ ಮೇಲೆ ಅವರು ಎದ್ದರು. ಮುಖ ತೊಳೆದ ಹಾಗಿತ್ತು. ಮಿಸೆಸ್ ಡಾಬ್ಸನ್ ಮಷೀನಿನಿಂದ ತರಿಸಿಕೊಟ್ಟ ಚಹಾ ಕುಡಿದು, ಆರ್ಡರ್ ಆಯಿತೇ ಎಂದು ವಿಚಾರಿಸಿದರು. ಕಾಮನ್ ಇಲ್ಲದೆಯೂ ಮೇಲ್ಮನವಿದಾರರು ಚೆನ್ನಾಗಿ ನಿದ್ರಿಸಬಲ್ಲರೆಂಬುದನ್ನು ಸಭೆ ಖುದ್ದಾಗಿ ಕಂಡಿರುವುದರಿಂದ ಮೇಲ್ಮನವಿ ವಜಾ ಆಗಿದೆ ಎಂದು ಪ್ರಿಯಾಂಕಾ ವಿಷಾದದಿಂದ ತಿಳಿಸಿದಳು. ಜಾಹ್ನವಿ ಅದನ್ನು ತನ್ನ ಹರಕುಮುರುಕು ಕನ್ನಡದಲ್ಲಿ ಅಜ್ಜನಿಗೆ ಹೇಳಿದಳು.

"ಭಾಳ ಛಲೋ ಆತು," ಎಂದರು ಪರಪ್ಪ. "ಇದರ ಮ್ಯಾಲ ಮತ್ತ ಅಪೀಲ್ ಇರಬೇಕಲ್ಲ?"

ಇದೆ, ಮುಂದಿನ ಮಂಗಳವಾರ, ಎಂದು ಉತ್ತರ ಬಂತು.

ಅವರು ಮಗಳ ಕಡೆ ತಿರುಗಿದರು. ಮಾಳಗಿ, ಚುಕ್ಕಿ ಎಲ್ಲ ತಾನು ಸುಮ್ಮನೆ ಅಂದುಕೊಂಡಿದ್ದಂತೆ. ತಾಲೂಕು ಕಚೇರಿಯಲ್ಲಿ ಊಟವಾದ ಮೇಲೆ ಗುಮಾಸ್ತ ಸತ್ಯನಾರಾಯಣ ಸರ್ಕಾರದ ಸುತ್ತೋಲೆಗಳನ್ನು ಓದುತ್ತಿದ್ದನಂತೆ. ಅದನ್ನು ಕೇಳುತ್ತಾ ಬರುತ್ತಿದ್ದಂಥ ನಿದ್ದೆ ನಿವೃತ್ತಿಯಾದ ಮೇಲೆ ಇದೇ ಮೊದಲಂತೆ.

"ಟಿಕೆಟ್ ಕ್ಯಾನ್ಸಲ್ ಮಾಡವಾ," ಎಂದರು. "ಕೇಸ್ ನಡದೈತಿ. ಬಿಟ್ಟು ಹ್ಯಾಂಗ ಹೋಗಲಿ?"

ಸೌಂದರ್ಯಾ ಅಲ್ಲೇ, ಕೌನ್ಸಿಲರುಗಳ ಎದುರಿಗೇ, ಅಪ್ಪನ ಭುಜಕ್ಕೆ ಹಣೆ ಹಚ್ಚಿ ನಿಂತಳು. ಗುಮಾಸ್ತ ಗಂಟಲು ಬಿದ್ದುಹೋಗಿದ್ದರಿಂದ ಸನ್ನೆಯಲ್ಲೇ ಅಭಿನಂದಿಸಿದ.

ಅಂದೇ ಕೃಷ್ಣಪ್ರಸಾದ ಆ್ಯಪಿನಲ್ಲಿ ಹೊಸ ತಾಣವೊಂದನ್ನು ನಮೂದಿಸಿದ: 'ಸಾರ್ವಜನಿಕ ಜಾಗ, ನೆಲ ಸಮತಟ್ಟು, ಬೆಚ್ಚಗಿದೆ, ಶೌಚಾಲಯ ಉಂಟು, ಆಕಾಶ ಕಾಣುತ್ತದೆ, ಯಾರೂ ಕಿಟಕಿ ತಟ್ಟುವುದಿಲ್ಲ.' ಮರುವಾರ ಗ್ಯಾಲರಿ ಅರ್ಧ ತುಂಬಿತು. ಅದರ ಮರುವಾರ ದೂರದ ಎಸೆಕ್ಸ್‌ನಿಂದಲೂ ಜನ ದಿಂಬು ಹಿಡಿದು ಬಂದರು. ಪ್ರಜಾಸತ್ತೆಯಲ್ಲಿ ಜನರ ಆಸಕ್ತಿ ಈ ಪರಿ ಉಕ್ಕಿದ್ದು ಕಂಡು ಕೌನ್ಸಿಲ್ ಮಂಗಳವಾರ ಒಂದೇ ಸಾಲದೆಂದು ವಾರದ ಎಲ್ಲ ಸಂಜೆಗಳಿಗೂ ಒಂದೊಂದು ಉಪಸಮಿತಿ ರಚಿಸಿತು, ಬಾಗಿಲಲ್ಲಿ ದಿಂಬಿಗೆ ಪರ್ಮಿಟ್ ಕೊಡುವ ಯಂತ್ರವನ್ನೂ ನಿಲ್ಲಿಸಿತು. ಸಾರ್ವಜನಿಕ ಸಹಭಾಗಿತ್ವಕ್ಕಾಗಿ ಅದಕ್ಕೆ ಪ್ರಶಸ್ತಿ ಬಂತು. ಸ್ವೀಕರಿಸಲು ಹೋದ ಮಿಸೆಸ್ ಡಾಬ್ಸನ್, ನಮ್ಮ ಪ್ರಜೆಗಳ ನಂಬಿಕೆ ಎಂಥದೆಂದರೆ ಅವರು ನಮ್ಮೆದುರು ಕಣ್ಣುಮುಚ್ಚಿಕೊಂಡಿರುತ್ತಾರೆ ಎಂದು ಭಾವುಕರಾಗಿ ನುಡಿದರು.

ಕ್ಯಾಂಪರ್‌ವ್ಯಾನ್ ಇಂದಿಗೂ ಹಾಲೋಬ್ರೂಕ್ ಕಾಮನ್‌ನಲ್ಲೇ ನಿಂತಿದೆ. ಒಳಗೆ ಯಾರೂ ಮಲಗದಿರುವುದರಿಂದ ಪೆಂಬರ್ಟನ್ ಅದಕ್ಕೆ ವರ್ಷದ ಆದರ್ಶ ಶಿಬಿರಾರ್ಥಿ ಪತ್ರ ಅಂಟಿಸಿದ್ದಾರೆ. ಪರಪ್ಪನವರ ಮೇಲ್ಮನವಿ ವಾರವಾರವೂ ವಜಾ ಆಗುತ್ತಿದೆ, ಅವರ ಆರೋಗ್ಯ ಸುಧಾರಿಸುತ್ತಿದೆ. ನಾನೂ ಕಳೆದ ತಿಂಗಳಿಂದ ಕೂಟದ ಪ್ರತಿನಿಧಿಯಾಗಿ ಹೋಗುತ್ತಿದ್ದೇನೆ, ಎರಡನೆಯ ಸಾಲಿನ ಎಡತುದಿ ನನ್ನದು. ಸಭಾಂಗಣದ ಬಾಗಿಲಿಗೆ ಈಚೆಗೆ ಹೊಸ ಫಲಕ ಹಾಕಿದ್ದಾರೆ. ಅದನ್ನು ಯಾರೂ ವಿಚಿತ್ರವೆಂದುಕೊಂಡಿಲ್ಲ, ಕೌನ್ಸಿಲರುಗಳೂ ತಪ್ಪದೆ ಪಾಲಿಸುತ್ತಾರೆ:

"ಉಪವಿಧಿ ನಲವತ್ತೊಂದರ ಮೇರೆಗೆ, ಸಭೆಯಲ್ಲಿ ಎಚ್ಚರವಾಗಿರುವ ಸದಸ್ಯರು ಸಾರ್ವಜನಿಕರ ನಿದ್ರೆಗೆ ಭಂಗ ಬಾರದಂತೆ ಮೆಲ್ಲಗೆ ಮತ ಚಲಾಯಿಸತಕ್ಕದ್ದು."